ಮಣ್ಣು ಮಕ್ಕಳ ಕೈಯಲ್ಲಿ, ತೀರ್ಮಾನ ಯಾರ ಕೈಯಲ್ಲಿ?

(ಶಾಲಾ ಶಿಕ್ಷಕರು ಹಾಗೂ ಬಳಗದ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಗಳಲ್ಲಿ ಪರಿಸರ ಶಿಕ್ಷಣ ಹೇಗಿರಬೇಕೆಂಬ ಚರ್ಚೆ ನಮಗೆ ಹೊಸದಲ್ಲ. ಜೂನ್ 5ರಂದು ಗಿಡ ನೆಡುತ್ತೇವೆ, ಮಕ್ಕಳು ಪ್ರತಿಜ್ಞೆ ಸ್ವೀಕರಿಸುತ್ತಾರೆ, ಭಾವಚಿತ್ರ ತೆಗೆಯಲಾಗುತ್ತದೆ. ಆದರೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆ ಗಿಡಕ್ಕೆ ನೀರೆರೆಯುವವರು ಯಾರು ಎಂದು ಕೇಳಿದರೆ ಬಹುತೇಕ ಕಡೆ ಮೌನವೇ ಉತ್ತರ. ಇಂದು ಈ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಯಸುತ್ತೇನೆ. ನೀರೆರೆದು ಬೆಳೆಸಿದವರಿಗೆ ಆ ನೆಲದ ಭವಿಷ್ಯದ ಬಗ್ಗೆ ಮಾತನಾಡುವ ಅಧಿಕಾರವಿದೆಯೇ? ಉದಾಹರಣೆಗಾಗಿ, ನಮ್ಮ ಮಲೆನಾಡಿಗೆ ಮೇಲ್ನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ನಗರವೊಂದನ್ನು ಆರಿಸಿಕೊಂಡಿದ್ದೇನೆ. ಅದು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್.

ಡೆಟ್ರಾಯಿಟ್ ಎಂದೊಡನೆ ನೆನಪಾಗುವುದು ಮೋಟಾರು ಕಾರು. ಆದರೆ ಆ ನಗರಕ್ಕೆ ಕಾರಿಗಿಂತ ಹಳೆಯದಾದ ಬೇಸಾಯದ ಇತಿಹಾಸವೂ ಉಂಟು. 1893ರ ಆರ್ಥಿಕ ಕುಸಿತದಲ್ಲಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡಾಗ, ಮೇಯರ್ ಹೇಜನ್ ಪಿಂಗ್ರಿ ನಗರದಲ್ಲಿ ಪಾಳುಬಿದ್ದ ನಿವೇಶನಗಳನ್ನು ಬಡ ಕುಟುಂಬಗಳಿಗೆ ಆಲೂಗಡ್ಡೆ ಬೆಳೆಯಲು ಬಿಟ್ಟುಕೊಟ್ಟರು. ಪತ್ರಿಕೆಗಳು ಗೇಲಿ ಮಾಡಿದವು. ಬೆಳೆ ಬಂದ ಮೇಲೆ ಬೇರೆ ನಗರಗಳೂ ಆ ಯೋಜನೆಯನ್ನು ಅನುಸರಿಸಿದವು.

ಬಳಿಕ ಕಾರು ಕಾರ್ಖಾನೆಗಳ ಕಾಲ ಬಂತು. 1950ರ ಹೊತ್ತಿಗೆ ನಗರದ ಜನಸಂಖ್ಯೆ ಹದಿನೆಂಟು ಲಕ್ಷವನ್ನು ದಾಟಿತ್ತು. ಆಮೇಲೆ ಕಾರ್ಖಾನೆಗಳು ಹೊರನಡೆದವು. ಬಿಳಿಯ ಜನಾಂಗದ ಬಹುಪಾಲು ಕುಟುಂಬಗಳು ಉಪನಗರಗಳಿಗೆ ವಲಸೆ ಹೋದವು. 2010ರ ಜನಗಣತಿಯಲ್ಲಿ ಉಳಿದವರು ಸುಮಾರು ಏಳು ಲಕ್ಷ ಮಂದಿ. ಅವರಲ್ಲಿ ಬಹುಸಂಖ್ಯಾತರು ಆಫ್ರಿಕನ್ ಅಮೆರಿಕನ್ನರು. ಮನೆಗಳು ಕುಸಿದ ಜಾಗದಲ್ಲಿ ಹುಲ್ಲು ಬೆಳೆಯಿತು.

ಇಂಥ ನಗರದ ನಡುವೆ ಕ್ಯಾಥರಿನ್ ಫರ್ಗುಸನ್ ಅಕಾಡೆಮಿ ಎಂಬ ಸರಕಾರಿ ಪ್ರೌಢಶಾಲೆಯಿತ್ತು. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆ ಪಡೆದು, ತಾನು ಓದುಬರಹ ತಿಳಿಯದಿದ್ದರೂ ನ್ಯೂಯಾರ್ಕಿನ ಬಡಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದ ಮಹಿಳೆಯ ಹೆಸರು ಅದು. ಈ ಶಾಲೆ ಇದ್ದದ್ದು ಗರ್ಭಿಣಿಯರಾದ ಹಾಗೂ ಆಗಲೇ ತಾಯಂದಿರಾದ ಹದಿಹರೆಯದ ಹುಡುಗಿಯರಿಗಾಗಿ. ಇತರ ಶಾಲೆಗಳಲ್ಲಿ ಅರ್ಧಕ್ಕೇ ಓದು ನಿಲ್ಲಿಸಬೇಕಾದವರು ಇಲ್ಲಿ ಕೂಸನ್ನು ಶಿಶುಪಾಲನಾ ಕೊಠಡಿಯಲ್ಲಿ ಬಿಟ್ಟು, ಅದೇ ಕಟ್ಟಡದಲ್ಲಿ ಪಾಠ ಕೇಳುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಅಸೆನಾತ್ ಆಂಡ್ರ್ಯೂಸ್ ಕಾಲೇಜು ಶಿಕ್ಷಣವನ್ನೇ ಈ ಹುಡುಗಿಯರ ಗುರಿಯಾಗಿ ಇಟ್ಟಿದ್ದರು.

ಶಾಲೆಯ ಹಿಂಬದಿಯ ಬಯಲಿನಲ್ಲಿ ಹೊಲವಿತ್ತು. ತರಕಾರಿ, ಸೇಬಿನ ಮರಗಳು, ಜೇನುಪೆಟ್ಟಿಗೆ, ಕೋಳಿ, ಮೊಲ, ಆಡು, ಒಂದು ಕುದುರೆಯೂ ಇದ್ದವು. ಕೊಟ್ಟಿಗೆಯನ್ನು ಕಟ್ಟಿದವರೂ ವಿದ್ಯಾರ್ಥಿನಿಯರೇ. ವಿಜ್ಞಾನ ಶಿಕ್ಷಕ ಪಾಲ್ ವೀರ್ಟ್ಸ್ ನಗರದ ಪಾಳು ನಿವೇಶನಗಳಲ್ಲಿ ಕುದುರೆ ಮೆಂತೆ ಬೆಳೆದು, ಒಣಗಿಸಿ, ಮೇವಾಗಿ ತರುತ್ತಿದ್ದರು. ಈ ಬೆಳೆಯ ಬೇರು ಬಹು ಆಳಕ್ಕಿಳಿಯುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಮನೆ ಕೆಡವಿದ ಜಾಗದ ಬಡವಾದ ಮಣ್ಣಿನಿಂದ ಮೇವು, ಮೇವಿನಿಂದ ಹಾಲು ಮತ್ತು ಗೊಬ್ಬರ, ಗೊಬ್ಬರದಿಂದ ತರಕಾರಿ ಎಂಬ ಸರಪಳಿಯನ್ನು ಪುಸ್ತಕದ ಚಿತ್ರವಾಗಿ ಅಲ್ಲ, ದಿನನಿತ್ಯದ ದುಡಿಮೆಯಾಗಿ ಅಲ್ಲಿ ಕಲಿಯಬಹುದಾಗಿತ್ತು.

ಈ ಶಾಲೆಯ ಕುರಿತು ಡಚ್ ದಂಪತಿಗಳು 2009ರಲ್ಲಿ 'ಗ್ರೋನ್ ಇನ್ ಡೆಟ್ರಾಯಿಟ್' ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ಮಣ್ಣು ಮುಟ್ಟಲು ಮೊದಲು ಹಿಂಜರಿದ ಹುಡುಗಿಯರು ಬೆಳೆಯನ್ನೂ ಅದರ ಆದಾಯವನ್ನೂ ಕಂಡ ಬಳಿಕ ಬದಲಾಗುವುದನ್ನು ಅದರಲ್ಲಿ ಕಾಣಬಹುದು. ಆಡಿಗೆ ರಜಾದಿನವೆಂಬುದಿಲ್ಲ, ಕೂಸಿಗೂ ಇಲ್ಲ. ಎರಡನ್ನೂ ಸಂಭಾಳಿಸುವವಳಲ್ಲಿ ಹುಟ್ಟುವ ಹೊಣೆಗಾರಿಕೆಯನ್ನು ಯಾವ ಪ್ರತಿಜ್ಞಾವಿಧಿಯೂ ಹುಟ್ಟಿಸಲಾರದು.

ಇನ್ನು ನಾಯಕತ್ವದ ಮಾತು. 2011ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯವು ಒಂದು ಕಾನೂನು ತಂದಿತು. ಹಣಕಾಸಿನ ಸಂಕಟದಲ್ಲಿರುವ ನಗರ ಅಥವಾ ಶಾಲಾ ಮಂಡಳಿಯ ಮೇಲೆ ರಾಜ್ಯಪಾಲರು ನೇಮಿಸುವ ತುರ್ತು ಆಡಳಿತಾಧಿಕಾರಿಗೆ, ಜನರಿಂದ ಆಯ್ಕೆಯಾದ ಪ್ರತಿನಿಧಿಗಳನ್ನು ಬದಿಗಿಡುವಷ್ಟು ಅಧಿಕಾರ ಅದರಿಂದ ಸಿಕ್ಕಿತು. ಆ ವರ್ಷ ಡೆಟ್ರಾಯಿಟಿನಲ್ಲಿ ಮುಚ್ಚಲಿರುವ ಶಾಲೆಗಳ ಪಟ್ಟಿಯಲ್ಲಿ ಈ ಶಾಲೆಯ ಹೆಸರೂ ಇತ್ತು. ಏಪ್ರಿಲ್ ತಿಂಗಳಲ್ಲಿ ವಿದ್ಯಾರ್ಥಿನಿಯರು ಮತ್ತು ಬೆಂಬಲಿಗರು ಶಾಲೆ ಬಿಟ್ಟು ಹೊರಡಲು ನಿರಾಕರಿಸಿ ಧರಣಿ ಕುಳಿತರು. ಪೊಲೀಸರು ಬಂಧಿಸಿದರು. ಸುದ್ದಿ ದೇಶವೆಲ್ಲ ಹರಡಿತು. ಜೂನ್‌ನಲ್ಲಿ, ದೊಡ್ಡ ಪ್ರತಿಭಟನಾ ಸಭೆಗೆ ಜನ ಸೇರಿದ ದಿನವೇ, ಶಾಲೆಯನ್ನು ಮುಚ್ಚದೆ ಖಾಸಗಿ ಸಂಸ್ಥೆಯೊಂದರ ನಿರ್ವಹಣೆಗೆ ವಹಿಸುವ ಪ್ರಕಟಣೆ ಹೊರಬಿತ್ತು. 2012ರ ನವೆಂಬರಿನಲ್ಲಿ ಮತದಾರರು ಆ ಕಾನೂನನ್ನೇ ತಿರಸ್ಕರಿಸಿದರು. ಆದರೆ ಮರುತಿಂಗಳೇ ಶಾಸಕಾಂಗವು ಅದಕ್ಕೆ ಹತ್ತಿರವಾದ ಇನ್ನೊಂದು ಕಾನೂನನ್ನು ಅಂಗೀಕರಿಸಿತು. 2014ರಲ್ಲಿ ಶಾಲೆ ಮುಚ್ಚಿತು.

ಮಿತ್ರರೇ, ಇದನ್ನು ಸೋಲಿನ ಕಥೆಯೆಂದು ನಾನು ಹೇಳುತ್ತಿಲ್ಲ. ಸಮಾಜವು ತಲೆತಗ್ಗಿಸಿ ನಡೆಯಿರೆಂದು ಹೇಳಿದ್ದ ಹುಡುಗಿಯರು ತಮ್ಮ ಶಾಲೆಗಾಗಿ ಬಂಧನಕ್ಕೂ ಸಿದ್ಧರಾದದ್ದು ಸಣ್ಣ ಸಂಗತಿಯಲ್ಲ. ಆದರೆ ನಾಯಕತ್ವವಷ್ಟೇ ಸಾಲದೆಂಬುದನ್ನೂ ಈ ಘಟನೆ ತೋರಿಸುತ್ತದೆ. ನೆಲದ ಒಡೆತನ, ಕಟ್ಟಡದ ಬೀಗ, ಆಯವ್ಯಯ, ಈ ಮೂರೂ ಅವರ ಕೈಯಲ್ಲಿರಲಿಲ್ಲ, ಅವರ ನೆರೆಹೊರೆಯ ಕೈಯಲ್ಲಿಯೂ ಇರಲಿಲ್ಲ.

ಅದೇ ನಗರದ ಇನ್ನೊಂದು ದಾರಿಯನ್ನೂ ನೋಡೋಣ. ನ್ಸೊರೋಮ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಮಲಿಕ್ ಯಾಕಿನಿ ಮಕ್ಕಳೊಂದಿಗೆ ತೋಟದ ಕೆಲಸ ಮಾಡುತ್ತ, ಬರಿಯ ತೋಟ ಸಾಲದೆಂದು ಕಂಡುಕೊಂಡರು. 2006ರಲ್ಲಿ ಅವರೂ ಸಂಗಾತಿಗಳೂ ಸೇರಿ ಡೆಟ್ರಾಯಿಟ್ ಕಪ್ಪು ಸಮುದಾಯದ ಆಹಾರ ಭದ್ರತಾ ಜಾಲವನ್ನು ಕಟ್ಟಿದರು. ನಗರಸಭೆಯೊಂದಿಗೆ ಮಾತುಕತೆ ನಡೆಸಿ, 2008ರಲ್ಲಿ ರೂಜ್ ಉದ್ಯಾನದಲ್ಲಿ ನೆಲವನ್ನು ಪರವಾನಗಿಯ ಮೇಲೆ ಪಡೆದು 'ಡಿ-ಟೌನ್' ಹೊಲವನ್ನು ಬೆಳೆಸಿದರು. ಅದೇ ವರ್ಷ ನಗರಸಭೆ ಅಂಗೀಕರಿಸಿದ ಆಹಾರ ನೀತಿಯ ಹಿಂದೆಯೂ ಈ ಜಾಲದ ಶ್ರಮವಿತ್ತು. 2024ರಲ್ಲಿ ಸದಸ್ಯರೇ ಒಡೆಯರಾಗಿರುವ ಸಹಕಾರಿ ದಿನಸಿ ಅಂಗಡಿಯೂ ಬಾಗಿಲು ತೆರೆಯಿತು. ಹದಿನೆಂಟು ವರ್ಷಗಳ ನಿಧಾನದ ಕೆಲಸ ಇದು. ಶಾಲೆಯ ಬೇಲಿಯೊಳಗಿನ ಕಲಿಕೆಯನ್ನು ಅವರು ಬೇಲಿಯ ಹೊರಗಿನ ಹಕ್ಕಾಗಿ ಬೆಳೆಸಿದರು.

ಈಗ ನಮ್ಮ ಬೆಟ್ಟದ ಊರುಗಳಿಗೆ ಬರೋಣ. ನಮ್ಮಲ್ಲಿ ಮಣ್ಣಿಗೆ ಕೊರತೆಯಿಲ್ಲ, ಮಳೆಗೂ ಇಲ್ಲ. ಆದರೆ ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಚಿಕ್ಕ ಶಾಲೆಗಳು ಮುಚ್ಚುವ ಭಯ ಇಲ್ಲಿಯೂ ಇದೆ. ಶಾಲೆಯೊಂದಿಗೆ ಅದರ ಕೈತೋಟವೂ ಹಾಳಾಗುತ್ತದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪಾಲಕರು ಶಾಲೆಯ ಆಗುಹೋಗುಗಳಲ್ಲಿ ದನಿಯೆತ್ತಲು ಸರಕಾರವೇ ಒದಗಿಸಿದ ವೇದಿಕೆ ಅದು. ಸುಣ್ಣಬಣ್ಣದ ಖರ್ಚಿಗೆ ಸಹಿ ಹಾಕುವುದಕ್ಕಷ್ಟೇ ನಾವು ಅದನ್ನು ಬಳಸಬೇಕೇ?

ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಪ್ರತಿ ಶಾಲೆಯ ಜಾಗ ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ, ಅದರ ಎಲ್ಲೆ ಎಲ್ಲಿದೆ ಎಂಬುದನ್ನು ಪಹಣಿ ಮತ್ತು ನಕಾಶೆ ಹಿಡಿದು ಮಕ್ಕಳೊಂದಿಗೇ ಗುರುತಿಸುವುದು. ಇದೂ ಪರಿಸರ ಪಾಠವೇ. ಎರಡನೆಯದು, ಕೈತೋಟದಲ್ಲಿ ಏನನ್ನು ಬೆಳೆಯಬೇಕು, ಬೆಳೆದದ್ದನ್ನು ಏನು ಮಾಡಬೇಕು ಎಂಬ ತೀರ್ಮಾನವನ್ನು ಮಕ್ಕಳ ಸಭೆಗೆ ಬಿಟ್ಟುಕೊಡುವುದು. ಲೆಕ್ಕಪುಸ್ತಕವನ್ನೂ ಅವರೇ ಬರೆಯಲಿ. ಮೂರನೆಯದು, ರಜೆಯ ತಿಂಗಳುಗಳಲ್ಲಿ ತೋಟ ನೋಡಿಕೊಳ್ಳಲು ಊರಿನ ಮನೆಗಳು ಸರದಿ ಹಂಚಿಕೊಳ್ಳುವುದು. ಬೇಸಿಗೆಯಲ್ಲಿ ನೀರು ಹೊತ್ತ ಊರು, ಶಾಲೆ ಮುಚ್ಚುವ ಆದೇಶ ಬಂದ ದಿನ ಸುಮ್ಮನೆ ಕೂರಲಾರದು.

ಡೆಟ್ರಾಯಿಟಿನ ಆ ಹುಡುಗಿಯರಿಗೆ ದನಿ ಇತ್ತು, ಸಮಯವಿರಲಿಲ್ಲ. ಆದೇಶ ಬಂದ ಮೇಲೆ ಅವರು ಹೋರಾಟಕ್ಕಿಳಿಯಬೇಕಾಯಿತು. ನಮಗೆ ಇನ್ನೂ ಸಮಯವಿದೆ. ಬರುವ ಮಳೆಗಾಲದಲ್ಲಿ ಗಿಡ ನೆಡುವ ಮುನ್ನ ಆ ನೆಲದ ಕಾಗದವನ್ನು ಒಮ್ಮೆ ಬಿಚ್ಚಿ ನೋಡಿರೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.