ಸಸಿ ನೆಡುವ ಮುನ್ನ ಅದರ ಗುಣ ಕೇಳೋಣ



ಈ ಮಳೆಗಾಲದಲ್ಲಿ ಊರ್ಡಿಗೆರೆಯ ಖಬರಸ್ತಾನದ ಸುತ್ತ ಸಸಿ ನೆಡಬೇಕೆಂದು ನಾವು ತೀರ್ಮಾನಿಸಿದ್ದೇವೆ. ಯಾವ ಸಸಿ ಎಂದು ಕೇಳಿದಾಗ ಹಲವರು ಹೇಳಿದ್ದು ಒಂದೇ ಮಾತು: "ಬೇಗ ಬೆಳೆಯಬೇಕು, ದನ ಮೇಕೆ ತಿನ್ನಬಾರದು." ಇವೆರಡೂ ಸಸ್ಯದ ಗುಣಗಳೇ ಸರಿ. ಆದರೆ ಕೇಳಬೇಕಾದ ಗುಣಗಳು ಇನ್ನೂ ಇವೆ. ಎಲೆ ಯಾವಾಗ ಉದುರುತ್ತದೆ? ಬೇರು ಎಷ್ಟು ಆಳ? ಹಣ್ಣನ್ನು ಯಾರು ತಿನ್ನುತ್ತಾರೆ? ಬೀಜ ಹೇಗೆ ಹರಡುತ್ತದೆ? ಇವನ್ನು ಕೇಳದೆ ನೆಟ್ಟರೆ ಏನಾಗುತ್ತದೆಂಬ ಪಾಠ ನಮ್ಮ ಸೀಮೆಯಲ್ಲೇ ಇದೆ.

ನೀಲಗಿರಿಯನ್ನು ನೋಡಿ. ಟಿಪ್ಪು ಸುಲ್ತಾನರ ಕಾಲದಲ್ಲಿ, 1790ರ ಸುಮಾರಿಗೆ, ಅದು ನಂದಿಬೆಟ್ಟದ ತೋಟಕ್ಕೆ ಬಂತೆಂದು ಹೇಳುತ್ತಾರೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು ಕಡೆಯ ಹೊಲಗಳಲ್ಲೂ ತೋಪುಗಳೆದ್ದವು. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ. ನಾವು ಕೇಳಿದ ಎರಡೂ ಗುಣ ಅದರಲ್ಲಿದ್ದವು! ಆದರೆ ಅದು ವರ್ಷವಿಡೀ ಹಸಿರಾಗಿದ್ದು, ಆಳದ ಬೇರಿನಿಂದ ಬೇಸಿಗೆಯಲ್ಲೂ ನೀರೆಳೆಯುತ್ತದೆ. ಎಣ್ಣೆಯಂಶದ ಎಲೆ ಬೇಗ ಕೊಳೆಯುವುದಿಲ್ಲ. ಹಕ್ಕಿಗೆ ತಿನ್ನಲು ತಿರುಳಿನ ಹಣ್ಣಿಲ್ಲ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮರವನ್ನು ಬೈದು ಫಲವಿಲ್ಲ. ಅದರ ತವರಾದ ಆಸ್ಟ್ರೇಲಿಯಾದಲ್ಲಿ ಆ ಎಲೆಯನ್ನೇ ತಿಂದು ಬದುಕುವ ಕೊವಾಲಾ ಎಂಬ ಪ್ರಾಣಿಯಿದೆ. ಗುಣ ಒಳ್ಳೆಯದೋ ಕೆಟ್ಟದೋ ಎಂಬುದು ಸ್ಥಳದ ಮೇಲೆ ನಿಂತಿದೆ.

ಇನ್ನು ನಮ್ಮ ಪಕ್ಕದ ದೇವರಾಯನದುರ್ಗದ ಕಾಡು. ಬೇಸಿಗೆಯಲ್ಲಿ ಅಲ್ಲಿನ ಬಹಳಷ್ಟು ಮರಗಳು ಬೋಳಾಗಿರುತ್ತವೆ. ಅವು ಒಣಗಿದ್ದಲ್ಲ, ನೀರು ಉಳಿಸುವ ಉಪಾಯ ಅದು. ಉದುರಿದ ತರಗೆಲೆ ಮಳೆಯ ರಭಸ ತಡೆದು, ನೀರು ಇಂಗಲು ನೆರವಾಗುತ್ತದೆ. ಈ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಶಿಂಷಾ ಕಾವೇರಿಯನ್ನು ಸೇರುತ್ತದೆ. ಎಲೆಯ ಒಂದು ಗುಣಕ್ಕೂ ಎರಡು ನದಿಗಳಿಗೂ ನಂಟಿದೆ. ತರಗಿಗೆ ಬೆಂಕಿ ಹಚ್ಚುವ ಮುನ್ನ ಇದನ್ನು ನೆನೆಯಿರಿ.

ಪ್ರಾಣಿಪಕ್ಷಿಗಳ ಗುಣವೂ ಹೀಗೆಯೇ. ಆ ಬೆಟ್ಟದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಪಿಕಳಾರಗಳು ಹಣ್ಣು ನುಂಗಿ ಬೀಜವನ್ನು ದೂರ ಹಾಕುತ್ತವೆ. ಕಾಡು ಹಬ್ಬುವುದು ಹೀಗೆ. ಆದರೆ ಹೊರಗಿನಿಂದ ಬಂದ ಲಂಟಾನದ ಹಣ್ಣನ್ನೂ ಹಕ್ಕಿಗಳೇ ಹರಡಿದವು. ಕಡಿದರೆ ಮತ್ತೆ ಚಿಗುರುವ, ದನಕ್ಕೆ ವಿಷವಾಗುವ ಆ ಪೊದೆ ಇಂದು ಕಾಡನ್ನು ಮುತ್ತಿದೆ.

ಹಾಗಾದರೆ ಏನು ನೆಡೋಣ? ನನ್ನ ಮೊದಲ ಮಾತು ಹೊಂಗೆ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತದೆ. ಬೇಸಿಗೆಯಲ್ಲಿ ಹೊಸ ಚಿಗುರು ಬಂದು ನೆರಳಾಗುತ್ತದೆ, ಹೂವು ಜೇನಿಗೆ ಆಗುತ್ತದೆ. ಸೊಪ್ಪನ್ನು ದನ ಮೇಕೆ ಅಷ್ಟಾಗಿ ಮುಟ್ಟುವುದೂ ಇಲ್ಲ. ನಡುನಡುವೆ ಬೇವು, ನೇರಳೆ ಇರಲಿ. ಒಂದು ಅತ್ತಿಯೂ ಬೇಕು. ಬೇರೆ ಮರಗಳಲ್ಲಿ ಹಣ್ಣಿಲ್ಲದಾಗಲೂ ಅದರಲ್ಲಿ ಕಾಯಿ ಸಿಗುತ್ತದೆ. ಅದರ ಬೇರು ದೊಡ್ಡದು. ಆದ್ದರಿಂದ ಗೋರಿಗಳಿಂದ ದೂರ, ಮೂಲೆಯಲ್ಲಿ ನೆಡೋಣ.

ವಿದ್ಯಾರ್ಥಿಗಳೇ, ನೀವು ಒಬ್ಬೊಬ್ಬರೂ ಒಂದು ಮರವನ್ನು ಆರಿಸಿಕೊಳ್ಳಿ. ಎಲೆ ಉದುರಿದ ದಿನ, ಹೂ ಬಿಟ್ಟ ದಿನ, ಬಂದ ಹಕ್ಕಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡಾ. ಸಲೀಂ ಅಲಿಯವರು ದೇಶದ ಹಕ್ಕಿಗಳನ್ನು ಅರಿತದ್ದು ಹೀಗೆ ನೋಡಿ, ಬರೆದಿಟ್ಟುಕೊಂಡೇ.

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ತಿಂದರೆ ಅದು ಅವನ ಪಾಲಿಗೆ ಸದಖ ಎಂಬ ಅರ್ಥದ ಪ್ರವಾದಿಯವರ (ಸ.ಅ.) ಬೋಧನೆ ನಮಗೆಲ್ಲ ಗೊತ್ತು. ಹಕ್ಕಿಗೆ ತಿನ್ನಲು ಏನೂ ಇಲ್ಲದ ಮರವನ್ನು ನೆಟ್ಟು ಆ ಪುಣ್ಯದ ಪಾಲನ್ನು ನಾವೇಕೆ ಕಳೆದುಕೊಳ್ಳಬೇಕು? ನಮ್ಮ ಹಿರಿಯರು ಮಲಗಿರುವ ಜಾಗದಲ್ಲಿ ಬದುಕಿರುವ ಜೀವಿಗಳಿಗೂ ಊಟ ಸಿಗಲಿ. ಅಲ್ಲಾಹನು ನಮ್ಮ ಕೆಲಸವನ್ನು ಸ್ವೀಕರಿಸಲಿ.