ಕಲಕೇರಿಯ ದಾಯಾದಿಗಳು: ಹಳೇ ಲೋಕವನ್ನ ಮತ್ತೆ ಆಡಿಸೋದು

ಥಾಣೆ, ಕಲ್ಯಾಣ, ವಾಶಿಯಿಂದ ಡೊಂಬಿವಲಿವರೆಗೆ ಬಂದಿದ್ದೀರಿ, ಅದೂ ಭಾನುವಾರ, ಮೆಗಾಬ್ಲಾಕ್ ದಿನ. ಹಾಗಾಗಿ ನೇರ ವಿಷಯಕ್ಕೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊಸಬರಿಗೆ ಒಂದೇ ಮಾತು: ಒಬ್ಬರು ಕಥೆ ನಡೆಸ್ತಾರೆ, ಅವರು ಡಿಎಂ, ಉಳಿದವರು ಪಾತ್ರವಾಗಿ ಮಾತಾಡ್ತಾ ದಾಳ ಹಾಕ್ತಾರೆ. ಕಥೆ ನಡೆಯೋ ಲೋಕಕ್ಕೆ ಭೂಪಟ, ರಾಜರು, ಚರಿತ್ರೆ ಎಲ್ಲಾ ಇರುತ್ತೆ. ಇತ್ತೀಚೆಗೆ ಹಳೇ ಲೋಕಗಳು ಒಂದೊಂದಾಗಿ ವಾಪಸ್ ಬರ್ತಿವೆ: 2021ರಲ್ಲಿ ರೇವನ್‌ಲಾಫ್ಟ್, 2022ರಲ್ಲಿ ಸ್ಪೆಲ್‌ಜ್ಯಾಮರ್ ಮತ್ತು ಡ್ರ್ಯಾಗನ್‌ಲ್ಯಾನ್ಸ್, 2023ರಲ್ಲಿ ಪ್ಲೇನ್‌ಸ್ಕೇಪ್.

ನನಗೆ ಬೇಕಾಗಿರೋದು ರೇವನ್‌ಲಾಫ್ಟ್. 1983ರಲ್ಲಿ ಒಂದು ಕೋಟೆ, ಒಬ್ಬ ರಕ್ತಪಿಶಾಚಿಯ ಕಥೆಯಾಗಿ ಶುರುವಾಗಿದ್ದು, 1990ರಲ್ಲಿ ಪೂರಾ ಲೋಕ ಆಯ್ತು. ಅದರೊಳಗೆ ಭಾರತದ ಹೋಲಿಕೆಯ ಒಂದು ನಾಡಿತ್ತು, ಹೆಸರು ಶ್ರೀ ರಾಜಿ. ಕಾಡು, ಅದರೊಳಗೆ ಅರಿಜಾನಿ ಎಂಬ ರಾಕ್ಷಸ ದೊರೆ. ಹೊರಗಿನವರು ಕಳಿಸಿದ ಪಿಕ್ಚರ್ ಪೋಸ್ಟ್‌ಕಾರ್ಡ್ ಅನ್ನಿ.

2021ರ ಪುಸ್ತಕದಲ್ಲಿ ಅದೇ ನಾಡನ್ನ ಅಜಿತ್ ಜಾರ್ಜ್ ಹೊಸದಾಗಿ ಬರೆದರು. ಹೆಸರು ಕಲಕೇರಿ. (ಧಾರವಾಡದವರ ಕಿವಿ ನೆಟ್ಟಗಾಯ್ತಲ್ಲ! ಹೌದು, ನಿಮ್ಮ ಸಂಗೀತ ವಿದ್ಯಾಲಯದ ಕಲಕೇರಿ ನನಗೂ ನೆನಪಾಯ್ತು.) ಈಗ ಅಲ್ಲಿ ರಾಣಿ ರಮ್ಯಾ ವಾಸವದನ್. ರಾಕ್ಷಸ ಅರಿಜಾನಿ ಹೋಗಿಲ್ಲ, ಅವಳ ದಾಯಾದಿಯಾಗಿದ್ದಾನೆ. ಜೊತೆಗೆ ರೀವಾ. ಒಂದೇ ಮನೆತನದ ಮೂವರು, ಒಂದೇ ಸಿಂಹಾಸನ. ಸತ್ತರೂ ಜಗಳ ನಿಂತಿಲ್ಲ.

ದಾಯಾದಿ ಕಲಹ ಅಂದ್ರೆ ನಮಗೆ ಬಿಡಿಸಿ ಹೇಳಬೇಕಾ? ಊರಲ್ಲಿ ಅಡಿಕೆ ತೋಟದ ಪಾಲು, ಹಳೇ ಮನೆಯ ಬೀಗದ ಕೈ ಯಾರ ಹತ್ರ ಅನ್ನೋ ಮಾತು, ಇವೆಲ್ಲ ಐರೋಳಿಯ ಆಫೀಸಿಗೂ ಫೋನಲ್ಲಿ ಬರ್ತವೆ. ಹಳೇ ನಾಡಿನಲ್ಲಿ ಕಾಡು ನೋಡಿ ವಾಪಸ್ ಬರಬಹುದಿತ್ತು. ಹೊಸದರಲ್ಲಿ ಯಾರ ಪಕ್ಷ ಅಂತ ಹೇಳಲೇಬೇಕು. ಮರುಹುಟ್ಟು ಅಂದ್ರೆ ನನ್ನ ಪ್ರಕಾರ ಇದು; ಹಳೇ ಭೂಪಟಕ್ಕೆ ಚೆಂದದ ಬಣ್ಣ ಹಾಕಿ ದಪ್ಪ ಪುಸ್ತಕ ಮಾರೋದಲ್ಲ.

ಈ ಕಲೆ ನಮಗೆ ಹೊಸದೂ ಅಲ್ಲ. ತಾಳಮದ್ದಳೆ ನೋಡಿದವರು ಇಲ್ಲಿ ಬೇಕಾದಷ್ಟಿದ್ದೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ತಾರೆ. ಪದ್ಯ ಹಳೇದೇ. ಆದರೆ ಇವತ್ತಿನ ಕರ್ಣ ನಿನ್ನೆಯ ಕರ್ಣ ಅಲ್ಲ. ಡಿಎಂ ಕೆಲಸ ಭಾಗವತರದ್ದೇ ಅಂದ್ಕೊಳ್ಳಿ, ಅರ್ಧ ಭಯ ಹೋಗುತ್ತೆ.

ಇಲ್ಲಿ ಒಂದು ಸಂಕಟವೂ ಇದೆ. ನಮ್ಮ ಮಕ್ಕಳಿಗೆ ಮೈದಾನದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಅಜ್ಜಿಯ ಫೋನ್ ಬಂದರೆ ಮಾತ್ರ ಕನ್ನಡ, ಅದೂ "ಊಟ ಆಯ್ತಾ" ತನಕ. ವಾದ ಮಾಡೋಕೆ, ರೇಗೋಕೆ, ಸಂಧಾನಕ್ಕೆ ಕನ್ನಡ ಬೇಕಾದ ಜಾಗವೇ ಅವರಿಗಿಲ್ಲ. ಹಾಗಾಗಿ ನಮ್ಮ ಟೇಬಲ್‌ನಲ್ಲಿ ಒಂದು ನಿಯಮ: ರಾಣಿಯ ಮನವೊಲಿಸಲು ಕನ್ನಡದಲ್ಲಿ ವಾದ ಮಾಡಿದರೆ ಅಡ್ವಾಂಟೇಜ್. ಅಂದ್ರೆ ಇಪ್ಪತ್ತು ಮುಖದ ದಾಳ ಎರಡು ಸಲ ಹಾಕಿ, ಹೆಚ್ಚಿನದನ್ನ ಇಟ್ಕೊಳ್ಳಿ. ತಪ್ಪು ಕನ್ನಡಕ್ಕೂ ಅಡ್ವಾಂಟೇಜ್ ಉಂಟು. ರಮ್ಯಾಗೆ ಧಾರವಾಡದ ಮಾತು, ಅರಿಜಾನಿಗೆ ಕುಂದಾಪುರದ್ದು ಕೊಟ್ಟು ನೋಡಿ, ಅಪ್ಪ-ಅಮ್ಮಂದಿರೂ ಕುರ್ಚಿ ಎಳ್ಕೊಂಡು ಹತ್ತಿರ ಬರ್ತಾರೆ.

ಇವತ್ತು ಊಟದ ನಂತರ ಆಟ ಇದೆ. ದಾಳ, ಶೀಟು ನಾವೇ ತಂದಿದ್ದೀವಿ. ಅರಿಜಾನಿಯ ಕಡೆಗೆ ಮೂರು ಮಕ್ಕಳು ಆಗಲೇ ಹೆಸರು ಕೊಟ್ಟಿದ್ದಾರೆ. ರಮ್ಯಾ ಪರ ವಾದಿಸೋಕೆ ಇನ್ನೂ ಯಾರೂ ಸಿಕ್ಕಿಲ್ಲ.