ಸೂಕ್ಷ್ಮ ಆರ್‌ಎನ್‌ಎ ಮತ್ತು ಶ್ವಾಸಕೋಶದ ಸಂಯಮ



ಒಂದೇ ಕೊಠಡಿಯಲ್ಲಿ ಹಲವು ಮಂದಿ ಶ್ರಮಿಕರು ಒಟ್ಟಿಗೆ ಮಲಗಿ ಏಳುವ ದುಬೈನ ಸೋನಾಪುರದ ವಸತಿಗಳು ಇಷ್ಟು ಸಮೀಪದಲ್ಲಿರುವಾಗ, ಮುಹೈಸ್ನಾದ ಈ ಸಭೆಯಲ್ಲಿ ಶೀತಜ್ವರವನ್ನು ಕುರಿತು ಮಾತನಾಡುವುದಕ್ಕೆ ಬೇರೆ ಪೀಠಿಕೆ ಅನಾವಶ್ಯಕ. 2009ರಲ್ಲಿ ಊರಿನ ನಮ್ಮ ಜನ ಹಂದಿಜ್ವರವೆಂದು ನಡುಗಿದ, ಆ ವರ್ಷದ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಮಹಾಮಾರಿಯೆಂದು ಸಾರಿದ ಎಚ್1ಎನ್1 ವ್ಯಾಧಿಯು ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ಹರಡಿತೇ ಹೊರತು ಮಾಂಸಾಹಾರದಿಂದಲ್ಲ. ಆದರೂ ಆ ವೈರಾಣುವಿನ ಎಂಟೂ ಆರ್‌ಎನ್‌ಎ ಖಂಡಗಳು ಹಂದಿಗಳಲ್ಲಿ ನೆಲೆಸಿದ್ದ ವಂಶಗಳಿಂದಲೇ ಬಂದವು. ಹಕ್ಕಿಯ ವೈರಾಣುವಿಗೂ ಮಾನವನ ವೈರಾಣುವಿಗೂ ಎಡೆಕೊಡುವ ಗ್ರಾಹಕಗಳು ಹಂದಿಯ ಶ್ವಾಸಮಾರ್ಗದಲ್ಲಿರುವುದರಿಂದ, ಅದರ ವ್ಯಾಧಿಯನ್ನು ಅರಿಯುವುದು ನಮ್ಮ ವ್ಯಾಧಿಯನ್ನು ಅರಿಯುವುದಕ್ಕೆ ತೀರ ಹತ್ತಿರದ ದಾರಿ.

ಶೀತಜ್ವರದಲ್ಲಿ ಶ್ವಾಸಕೋಶವು ಕೆಡುವುದು ವೈರಾಣುವಿನಿಂದ ಮಾತ್ರವಲ್ಲ, ಅದನ್ನು ಎದುರಿಸಲು ದೇಹವೇ ಹೊತ್ತಿಸಿದ ಉರಿಯೂತದ ಅತಿರೇಕದಿಂದಲೂ ಹೌದು. ಆದುದರಿಂದ ಕೆರಳುವ ಶಕ್ತಿಯಷ್ಟೇ ತಣಿಯುವ ಶಕ್ತಿಯೂ ಆರೋಗ್ಯಕ್ಕೆ ಆಧಾರವೆಂದು ನಾನು ದೃಢವಾಗಿ ನಂಬಿದ್ದೇನೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಸೂಕ್ಷ್ಮ ಆರ್‌ಎನ್‌ಎ, ಅಂದರೆ ಮೈಕ್ರೋ ಆರ್‌ಎನ್‌ಎ ಈ ತಣಿಸುವ ಕಾರ್ಯದಲ್ಲಿ ಪಾಲುಗೊಳ್ಳುತ್ತದೆ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಇದರ ಬಗೆಯನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಜೀನಿನ ಆದೇಶವನ್ನು ಹೊತ್ತು ಬರುವ ಸಂದೇಶವಾಹಕ ಆರ್‌ಎನ್‌ಎಗೆ ಇದು ಅಂಟಿಕೊಂಡು, ಪ್ರೋಟೀನಿನ ನಿರ್ಮಾಣವನ್ನು ತಗ್ಗಿಸುತ್ತದೆ.

ಡೆನ್ಮಾರ್ಕಿನ ಸಂಶೋಧಕರು ಇಪ್ಪತ್ತು ಹಂದಿಗಳಿಗೆ ಎಚ್1ಎನ್2 ಎಂಬ ಶೀತಜ್ವರದ ವೈರಾಣುವಿನ ಸೋಂಕು ತಗುಲಿಸಿ, 24 ಗಂಟೆ, 72 ಗಂಟೆ, 14 ದಿನಗಳ ತರುವಾಯ ಶ್ವಾಸಕೋಶವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಟರ್‌ಫೆರಾನ್ ಮೊದಲಾದ ರಕ್ಷಣಾ ದ್ರವ್ಯಗಳ ಜೊತೆಗೆ ಮಿರ್-15ಎ, ಮಿರ್-21, ಮಿರ್-146, ಮಿರ್-223 ಮುಂತಾದ ಮೈಕ್ರೋ ಆರ್‌ಎನ್‌ಎಗಳ ಪ್ರಮಾಣವೂ ವ್ಯತ್ಯಾಸಗೊಂಡಿತ್ತು. ಇವುಗಳಲ್ಲಿ ಮಿರ್-146ರ ನಡತೆ ನನ್ನನ್ನು ಬಹುವಾಗಿ ಸೆಳೆದಿದೆ: ಮಾನವನ ಜೀವಕೋಶಗಳಲ್ಲಿ 2006ರಲ್ಲಿಯೇ ತಿಳಿದುಬಂದಂತೆ, ಉರಿಯೂತವನ್ನೆಬ್ಬಿಸುವ ಸಂಕೇತವೇ ಇದನ್ನೂ ಹುಟ್ಟಿಸುತ್ತದೆ, ಹುಟ್ಟಿದ ಇದು ಆ ಸಂಕೇತವನ್ನು ಸಾಗಿಸುವ ಟ್ರಾಫ್-6 ಮತ್ತು ಐರಾಕ್-1 ಎಂಬ ಪ್ರೋಟೀನುಗಳನ್ನೇ ಕುಗ್ಗಿಸುತ್ತದೆ. ಹೀಗೆ ಕೋಪದೊಳಗೇ ಶಮನದ ಬೀಜವನ್ನಿರಿಸಿದ ದೇಹರಚನೆಗೆ ನಾನು ತಲೆಬಾಗುತ್ತೇನೆ.

ಡೆನ್ಮಾರ್ಕಿನವರೇ 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ವೈರಾಣು ನಿರ್ಗಮಿಸಿ ರೋಗಲಕ್ಷಣಗಳು ಮಾಯವಾದ ಬಳಿಕವೂ, ಸೋಂಕಿನ ಎರಡು ವಾರಗಳ ಮೇಲೆ, ಹಂದಿಯ ರಕ್ತದ ಬಿಳಿಯ ಕಣಗಳಲ್ಲಿ ಹಲವು ಸೂಕ್ಷ್ಮ ಆರ್‌ಎನ್‌ಎಗಳ ಪ್ರಮಾಣ ಸಹಜಸ್ಥಿತಿಗಿಂತ ಭಿನ್ನವಾಗಿತ್ತು.